ಲಾಂಗ್ ಜಂಪ್ ಗುಂಡಿಯಲ್ಲಿ ಚಂದ್ರನ ಮಣ್ಣು

ಚಂದ್ರಯಾನ-3 ಇಳಿದ ದಿನ, 2023ರ ಆಗಸ್ಟ್ 23ರ ಸಂಜೆ, ನಮ್ಮೂರಲ್ಲೂ ಎಲ್ಲ ಕಡೆ ಆದದ್ದೇ ಆಯಿತು. 6 ಗಂಟೆ 4 ನಿಮಿಷಕ್ಕೆ ಚಪ್ಪಾಳೆ, ಮರುದಿನ ಶಾಲೆಯಲ್ಲಿ ಭಾಷಣ, ರಟ್ಟಿನ ರಾಕೆಟ್, ದಾರದ ಮೇಲೆ ಓಡುವ ಬಲೂನು. ಮಕ್ಕಳು ಕುಣಿದರು. ಅದರಲ್ಲಿ ವಿಜ್ಞಾನ ಎಷ್ಟು ದಕ್ಕಿತು ಎಂದು ಯಾರಾದರೂ ಕೇಳಿದ್ದರೆ ನಾನು ಮಾತು ಮರೆಸುತ್ತಿದ್ದೆ.

ಪಾಠ ಶುರುವಾದದ್ದು ಮುಂದಿನ ಸೋಮವಾರದ ಪ್ರಾರ್ಥನೆಯಲ್ಲಿ. ಪತ್ರಿಕೆ ಓದುವ ಸರದಿ ಏಳನೇ ತರಗತಿಯ ಹುಡುಗಿಯದು. ವಿಕ್ರಂ ಲ್ಯಾಂಡರ್‌ನ ‘ಚೇಸ್ಟ್’ ಎಂಬ ಉಪಕರಣ ಚಂದ್ರನ ಮಣ್ಣಿನ ಬಿಸಿ ಅಳೆದಿದೆ, ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ ಎಂದು ಓದಿದಳು. ಓದಿ ಮುಗಿಸಿ ನನ್ನತ್ತ ತಿರುಗಿ, ‘ಮಿಸ್, 8 ಸೆಂಟಿಮೀಟರ್ ಅಂದರೆ ಇಷ್ಟೇ ತಾನೇ?’ ಎಂದು ಅಂಗೈ ಅಡ್ಡ ಹಿಡಿದಳು. ಇಷ್ಟೇ. ಒಂದು ಅಂಗೈ ಅಗಲದಲ್ಲಿ ಅರವತ್ತು ಡಿಗ್ರಿಯ ಅಂತರ! ನನಗೂ ಆ ಕ್ಷಣದವರೆಗೆ ಅದು ಬರೀ ಅಂಕಿಯಾಗಿತ್ತು.

ನಮ್ಮದು ಚಳ್ಳಕೆರೆ ಸೀಮೆ. ಈ ತಾಲ್ಲೂಕಿನ ಕಾವಲು ಭೂಮಿಯಲ್ಲೇ ಇಸ್ರೋದವರು ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿಸಿ, ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷೆ ಮಾಡಿದ್ದರು. ಆ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟು, ಹೊಲದಲ್ಲಿ ಶೇಂಗಾ ಬಾಡುತ್ತಿತ್ತು. ಬಿಸಿಲಿಗಂತೂ ಬರವಿರಲಿಲ್ಲ. ಸರಿ, ಅಳೆದೇ ಬಿಡೋಣ ಎಂದೆ.

ಮೊದಲ ಸಲ ಕೆಟ್ಟಿತು. ನೀಲಿ ಪ್ಲಾಸ್ಟಿಕ್ ಬಕೆಟ್‌ಗೆ ಒಣ ಮರಳು ತುಂಬಿ, ಪ್ರಯೋಗಶಾಲೆಯ ಥರ್ಮಾಮೀಟರ್‌ಗಳನ್ನು ಮೇಲೆ, 4 ಸೆಂ.ಮೀ. ಮತ್ತು 8 ಸೆಂ.ಮೀ. ಆಳದಲ್ಲಿ ನೆಟ್ಟೆವು. ಮಧ್ಯಾಹ್ನಕ್ಕೆ ಮೂರೂ ಹೆಚ್ಚುಕಡಿಮೆ ಒಂದೇ ಲೆಕ್ಕ ತೋರಿಸಿದವು. ನಾನು ಥರ್ಮಾಮೀಟರ್‌ಗಳನ್ನೇ ಅನುಮಾನಿಸುತ್ತ ಕುಳಿತಿದ್ದಾಗ ಒಬ್ಬ ಹುಡುಗ ಬಕೆಟ್‌ನ ಪಕ್ಕ ಮುಟ್ಟಿ ಕೈ ಹಿಂದೆಗೆದ. ಬಿಸಿಲು ಪಕ್ಕದಿಂದಲೂ ಮರಳನ್ನು ಕಾಯಿಸುತ್ತಿತ್ತು. ಚಂದ್ರನಿಗೆ ಪಕ್ಕಗಳಿಲ್ಲ, ಬಕೆಟ್‌ಗಿವೆ.

ಆಮೇಲೆ ಹೊಳೆದದ್ದು ಮೈದಾನದ ಲಾಂಗ್ ಜಂಪ್ ಗುಂಡಿ. ದೈಹಿಕ ಶಿಕ್ಷಣ ಶಿಕ್ಷಕರು ಒಲ್ಲದ ಮನಸ್ಸಿನಿಂದ ಒಂದು ಮೂಲೆ ಬಿಟ್ಟುಕೊಟ್ಟರು. ಮಾಡಿ ನೋಡುವವರಿಗೆ ಕೆಲವು ಮಾತು ಹೇಳುತ್ತೇನೆ. ಥರ್ಮಾಮೀಟರನ್ನು ಮರಳಿಗೆ ಒತ್ತಿ ಇಳಿಸಿದರೆ ಬುರುಡೆ ಒಡೆಯುತ್ತದೆ. ಹಳೆಯ ಕೊಡೆಯ ಕಡ್ಡಿಯಿಂದ ಮೊದಲು ದಾರಿ ಮಾಡಿ. ಮೇಲಿನ ಥರ್ಮಾಮೀಟರ್‌ನ ಬುರುಡೆಯನ್ನು ತೆಳ್ಳಗೆ ಮರಳು ಉದುರಿಸಿ ಮುಚ್ಚಿ, ಇಲ್ಲದಿದ್ದರೆ ಅದು ಮರಳಿನದಲ್ಲ, ನೇರ ಬಿಸಿಲಿನ ಬಿಸಿ ಹೇಳುತ್ತದೆ. ಓದಲು ಹೊರಗೆ ತೆಗೆಯಬೇಡಿ, ಬಗ್ಗಿ ನೋಡಿ. ಪಾದರಸದ್ದು ಬೇಡ, ಕೆಂಪು ದ್ರವದ್ದು ಸಾಕು. ಜ್ವರ ನೋಡುವ ಥರ್ಮಾಮೀಟರ್ ಖಂಡಿತ ಬೇಡ. ಒಬ್ಬಳು ಮನೆಯಿಂದ ತಂದಿದ್ದಳು. ಅದರ ಅಳತೆ 42ಕ್ಕೇ ಮುಗಿಯುತ್ತದೆ, ನಮ್ಮ ಮರಳಿಗೆ ಎಲ್ಲಿ ಸಾಲಬೇಕು?

ಒಂದೂವರೆ ಗಂಟೆಗೆ ಮೇಲೆ 51, ಎಂಟು ಸೆಂಟಿಮೀಟರ್ ಕೆಳಗೆ 36. ನನಗೆ ಸಂಭ್ರಮ, ಮಕ್ಕಳಿಗೆ ನಿರಾಸೆ. ‘ಮೈನಸ್ ಬರಲಿಲ್ಲವಲ್ಲ ಮಿಸ್!’ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಒಂದು ಪೀರಿಯಡ್ ಪೂರ್ತಿ ಹೋಯಿತು. ನಮ್ಮ ಮರಳಿನ ಕಣಗಳ ನಡುವೆ ಗಾಳಿ ಇದೆ, ಚೂರು ತೇವವೂ ಇದೆ, ಅವೂ ಬಿಸಿಯನ್ನು ಸಾಗಿಸುತ್ತವೆ. ಚಂದ್ರನಲ್ಲಿ ಗಾಳಿಯಿಲ್ಲ. ಹುಡಿ ಮಣ್ಣಿನ ಕಣ ಕಣಕ್ಕೆ ತಾಗುವ ಚುಕ್ಕೆಯಷ್ಟು ಜಾಗದಲ್ಲೇ ಬಿಸಿ ಬಹುಪಾಲು ದಾಟಬೇಕು. ಸಾಲದ್ದಕ್ಕೆ ಅಲ್ಲಿ ಹಗಲು ನಮ್ಮ ಸುಮಾರು 14 ದಿನ, ರಾತ್ರಿಯೂ ಅಷ್ಟೇ. ಅಷ್ಟು ದೀರ್ಘ ರಾತ್ರಿಯ ಚಳಿ ಒಳಗೆ ಕುಳಿತುಬಿಟ್ಟಿರುತ್ತದೆ.

ಹಿಂದಿನ ಬೆಂಚಿನವನೊಬ್ಬ, ಪರೀಕ್ಷೆಯಲ್ಲಿ ಎಂದೂ ಹದಿನೈದು ದಾಟದವನು, ಎದ್ದು ನಿಂತು ಹೇಳಿದ: ‘ನಮ್ಮ ತಾತ ಶೇಂಗಾ ಸಾಲಿನಲ್ಲಿ ಎಡೆಕುಂಟೆ ಹೊಡೆಯುವುದು ಇದಕ್ಕೇ ಮಿಸ್. ಮೇಲಿನ ಮಣ್ಣು ಹುಡಿಯಾದರೆ ಕೆಳಗಿನ ಹಸಿ ಉಳಿಯುತ್ತದೆ ಎನ್ನುತ್ತಾರೆ.’ ತಾತ ಹೇಳುವುದು ನೀರಿನ ಮಾತು, ನಾವು ಆಡುತ್ತಿದ್ದದ್ದು ಬಿಸಿಯ ಮಾತು. ಆದರೆ ಕಣಗಳ ನಂಟು ಕಡಿದರೆ ಸಾಗಾಟ ಕುಂಠಿತವಾಗುತ್ತದೆ ಎಂಬುದು ಎರಡಕ್ಕೂ ಒಪ್ಪುತ್ತದೆ. ಪಠ್ಯಪುಸ್ತಕದ ಉಷ್ಣವಹನದ ಪಾಠವನ್ನು ನಾನು ಅಲ್ಲಿಯವರೆಗೆ ಕಬ್ಬಿಣದ ಸರಳು, ಮೇಣ, ಗುಂಡುಪಿನ್ನು ಬಿಟ್ಟು ಬೇರೆ ರೀತಿಯಲ್ಲಿ ಹೇಳಿದವಳೇ ಅಲ್ಲ.

ಊರಿನಲ್ಲೇ ಮನೆಯಿದ್ದ ನಾಲ್ವರು ಅಂದು ಸಂಜೆಯೂ ಗುಂಡಿ ಬಿಟ್ಟು ಕದಲಲಿಲ್ಲ. ಆರು ಗಂಟೆಗೆ ಓಡಿ ಬಂದು, ‘ತಿರುಗಾಮುರುಗಾ ಆಗಿದೆ ಮಿಸ್’ ಎಂದರು. ಮೇಲಿನ ಮರಳು ಆರಿ, ಒಳಗಿನದೇ ಹೆಚ್ಚು ಬಿಸಿಯಾಗಿತ್ತು. ಮಧ್ಯಾಹ್ನದ ಬಿಸಿ ಮೆಲ್ಲಗೆ ಇಳಿಯುತ್ತ, ಮೇಲೆ ಬಿಸಿಲು ಹೋದ ಮೇಲೂ ಕೆಳಗೆ ಉಳಿದಿತ್ತು. ಇದನ್ನು ನಾನು ಮೊದಲೇ ಯೋಜಿಸಿದ್ದೆ ಎಂದು ಹೇಳಿಕೊಳ್ಳುವ ಆಸೆ ಈಗಲೂ ಇದೆ.

ಪ್ರಜ್ಞಾನ್ ರೋವರ್‌ನ 26 ಕೆ.ಜಿ.ಯನ್ನು ಅಕ್ಕಿ ಮೂಟೆಗೆ ಹೋಲಿಸಿ, ಚಂದ್ರನಲ್ಲಿ ಅದರ ಭಾರ ಇಲ್ಲಿನ ಆರನೇ ಒಂದು ಪಾಲು ಎಂದು ಹೇಳಿದ ಪಾಠವೂ ನಡೆಯಿತು. ಅದು ಕಪ್ಪುಹಲಗೆಯ ಮೇಲೇ ಮುಗಿಯಿತು.

2025ರಲ್ಲಿ ಚೇಸ್ಟ್‌ನ ಅಳತೆಗಳ ವಿಶ್ಲೇಷಣೆ ಮತ್ತೆ ಸುದ್ದಿಯಾಯಿತು. ಚೇಸ್ಟ್ ತನ್ನ ಅಳತೆಯ ಸಲಾಕೆಯನ್ನು ಮಣ್ಣಿಗೆ ಇಳಿಸಿದ ಜಾಗ ಸೂರ್ಯನ ಕಡೆಗೆ ಬರೀ 6 ಡಿಗ್ರಿ ವಾಲಿತ್ತು, ಅಲ್ಲಿ ಗರಿಷ್ಠ ಉಷ್ಣಾಂಶ ಸುಮಾರು 82 ಡಿಗ್ರಿ. ಒಂದು ಮೀಟರ್ ಆಚೆಯ ಸಮತಟ್ಟಿನಲ್ಲಿ 59ರ ಆಸುಪಾಸು. ದಕ್ಷಿಣದ 69 ಡಿಗ್ರಿ ಅಕ್ಷಾಂಶದ ಹತ್ತಿರ ಸೂರ್ಯ ನೆತ್ತಿಗೆ ಬರುವುದೇ ಇಲ್ಲವಾದ್ದರಿಂದ ಇಳಿಜಾರಿಗೆ ಅಷ್ಟು ಬೆಲೆ. ಈ ಸಲ ಹೊಸ ಮಕ್ಕಳು ಗುಂಡಿಯ ಮರಳನ್ನು ದಿಬ್ಬವಾಗಿ ಪೇರಿಸಿ, ಬೆಳಿಗ್ಗೆ ಒಂಬತ್ತೂವರೆಗೆ ಪೂರ್ವದ ಮೈ, ಪಶ್ಚಿಮದ ಮೈ, ಪಕ್ಕದ ಸಮತಟ್ಟು ಮೂರನ್ನೂ ಅಳೆದರು. ಪೂರ್ವದ ಮೈ ಸಮತಟ್ಟಿಗಿಂತ ಏಳೆಂಟು ಡಿಗ್ರಿ ಹೆಚ್ಚಿತ್ತು. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಮೈ ಮೇಲುಗೈ ಪಡೆಯುತ್ತದೋ ಇಲ್ಲವೋ ಎಂದು ಬಾಜಿ ಕಟ್ಟಿಕೊಂಡಿದ್ದರು.

ಅಷ್ಟರಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಬಂದರು. ‘ಮೇಡಂ, ನಾಡಿದ್ದು ಕ್ರೀಡಾಕೂಟ. ನಿಮ್ಮ ಚಂದ್ರನನ್ನು ಮಟ್ಟ ಮಾಡಿಸಿಕೊಡಿ.’ ಮೂರು ಗಂಟೆಯವರೆಗೆ ಬಿಡಿ ಸರ್ ಎಂದೆ. ಅವರು ಗಡಿಯಾರ ನೋಡಿ, ಸಲಿಕೆಯನ್ನು ಗೋಡೆಗೆ ಒರಗಿಸಿ, ಮಕ್ಕಳ ಪಕ್ಕದಲ್ಲಿ ತಾವೂ ಕುಕ್ಕರುಗಾಲಿನಲ್ಲಿ ಕುಳಿತರು.