ಮೂರು ಡೇಟಾಬೇಸ್, ಒಂದೇ ಟೂಲ್: ನನ್ನ ಅನುಭವ

ನನ್ನ ಕೆಲಸದಲ್ಲಿ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಮೂರೂ ಡೇಟಾಬೇಸ್ ಇವೆ. ಮೂರಕ್ಕೂ ಬೇರೆ ಬೇರೆ ಟೂಲ್ ಇಟ್ಟುಕೊಂಡಿದ್ದೆ. ಒಂದು ದಿನ ಟೆಸ್ಟ್ ಡೇಟಾಬೇಸ್ ಅಂದುಕೊಂಡು ಲೈವ್‌ನಲ್ಲಿ, ಅಂದರೆ ನಿಜವಾದ ಡೇಟಾ ಮೇಲೆಯೇ, ಅಪ್‌ಡೇಟ್ ಓಡಿಸಿಬಿಟ್ಟೆ. ಅದೂ ಯಾವ ಸಾಲು ಬದಲಾಗಬೇಕು ಅಂತ ಹೇಳುವ 'ವೇರ್' ಇಲ್ಲದೆ, ಎಲ್ಲ ಸಾಲಿಗೂ! ಬ್ಯಾಕಪ್ ಇತ್ತು, ಬಚಾವಾದೆ. ತಪ್ಪು ನನ್ನದೇ. ಆದರೆ ಎರಡೂ ಕಿಟಕಿ ನೋಡೋಕೆ ಒಂದೇ ಥರ ಇದ್ದರೆ ಯಾರಿಗಾದರೂ ಹೀಗಾಗುತ್ತೆ, ಅಲ್ವಾ?

ಆಮೇಲೆ ಮೂರಕ್ಕೂ ಆಗುವ ಒಂದೇ ಟೂಲ್‌ಗಾಗಿ ಹುಡುಕಾಟ. ಪಿಜಿಅಡ್ಮಿನ್ ಚೆನ್ನಾಗಿದೆ, ಆದರೆ ಪೋಸ್ಟ್‌ಗ್ರೆಸ್‌ಗೆ ಮಾತ್ರ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಕಥೆಯೂ ಹಾಗೇ. ಕೊನೆಗೆ ಡಿಬೀವರ್‌ಗೆ ಬಂದೆ. ಜೆಡಿಬಿಸಿ ಡ್ರೈವರ್ (ಜಾವಾ ಪ್ರೋಗ್ರಾಂನ್ನು ಡೇಟಾಬೇಸ್‌ಗೆ ಜೋಡಿಸುವ ಕೊಂಡಿ) ಇದ್ದರೆ ಸಾಕು, ಬಹುತೇಕ ಎಲ್ಲಕ್ಕೂ ಕನೆಕ್ಟ್ ಆಗುತ್ತದೆ. ಕಮ್ಯುನಿಟಿ ಆವೃತ್ತಿ ಉಚಿತ. ಜಾವಾದಲ್ಲಿ ಬರೆದದ್ದಾದ್ದರಿಂದ ಮೆಮೊರಿ ಮಾತ್ರ ಜಾಸ್ತಿ ತಿನ್ನುತ್ತದೆ.

ನನ್ನ ಸಮಸ್ಯೆ ಬಗೆಹರಿದದ್ದು ಅದರ ಕನೆಕ್ಷನ್ ಟೈಪ್‌ನಿಂದ, ಅಂದರೆ ಯಾವ ಕನೆಕ್ಷನ್ ಯಾವುದಕ್ಕೆ ಅಂತ ಗುರುತು ಹಾಕುವ ಸೆಟ್ಟಿಂಗ್‌ನಿಂದ. ಲೈವ್ ಕನೆಕ್ಷನ್‌ಗೆ 'ಪ್ರೊಡಕ್ಷನ್' ಅಂತ ಆರಿಸಿದೆ. ಈಗ ಅದರ ಎಡಿಟರ್ ಬಣ್ಣವೇ ಬೇರೆ, ಒಮ್ಮೆ ನೋಡಿದರೆ ಸಾಕು. ಜೊತೆಗೆ ಆಟೋ ಕಮಿಟ್ (ಬದಲಾವಣೆ ತಾನಾಗೇ ಖಾಯಂ ಆಗುವುದು) ತೆಗೆದು ಮ್ಯಾನ್ಯುಯಲ್ ಮಾಡಿದೆ. ಅಪ್‌ಡೇಟ್ ಆದಮೇಲೆ ಎಷ್ಟು ಸಾಲು ಬದಲಾಯಿತು ನೋಡಿ, ಸರಿ ಇದ್ದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್, ಅಂದರೆ ಬದಲಾವಣೆ ರದ್ದು. ಒಂದು ಎಚ್ಚರಿಕೆ: ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲನ್ನೇ ಅಳಿಸುವ ಡ್ರಾಪ್ ಟೇಬಲ್ ಕೊಟ್ಟರೆ ತಾನಾಗೇ ಕಮಿಟ್ ಆಗುತ್ತದೆ, ರೋಲ್‌ಬ್ಯಾಕ್ ನಡೆಯಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನಡೆಯುತ್ತದೆ.

ಸುಮ್ನೆ ಡೇಟಾ ನೋಡಬೇಕಾದಾಗ ರೀಡ್ ಓನ್ಲಿ ಕನೆಕ್ಷನ್ ಒಂದನ್ನು ಬೇರೆಯಾಗಿ ಇಟ್ಟಿದ್ದೇನೆ. ದಿನದ ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ.