ಹಳ್ಳದ ನೀರಿನಿಂದ ಮನೆಗೆ ಕರೆಂಟು

ಮಲೆನಾಡಿನಲ್ಲಿ ಸೋಲಾರ್ ಬೇಸಿಗೆಗೆ ಸರಿ, ಜುಲೈನಲ್ಲಿ ನಂಬುವ ಹಾಗಿಲ್ಲ. ಮನೆ ಹಿಂದಿನ ಗುಡ್ಡದಿಂದ ಹಳ್ಳ ಇಳಿಯುತ್ತಿದ್ದರೆ ನೀರಿನ ರಭಸಕ್ಕೆ ತಿರುಗಿ ಕರೆಂಟು ಕೊಡುವ ಪುಟ್ಟ ಟರ್ಬೈನು ಹಾಕಿ. ಹಗಲು ರಾತ್ರಿ ಕರೆಂಟು ಬರುತ್ತದೆ.

ಮಳೆ ನಿಂತು ಹಳ್ಳದ ನೀರು ತಗ್ಗಿದ ಮೇಲೇ ಹರಿವು ಅಳೆಯಿರಿ. 20 ಲೀಟರ್ ಬಕೆಟ್ 5 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ಎತ್ತರಕ್ಕೆ ಗಾರೆಯವರ ಮಟ್ಟದ ಪೈಪು ಸಾಕು, ಮೆಟ್ಟಿಲು ಮೆಟ್ಟಿಲಾಗಿ ಅಳೆದು ಕೂಡಿಸಿ. ಎತ್ತರದ ಮೀಟರು, ಸೆಕೆಂಡಿನ ಲೀಟರು, 5 ಇವಿಷ್ಟನ್ನು ಗುಣಿಸಿದರೆ ಎಷ್ಟು ವ್ಯಾಟ್ ಎಂದು ಅಂದಾಜು ಸಿಗುತ್ತದೆ. ಎತ್ತರ 30 ಮೀಟರ್ ಇದ್ದರೆ ಹೆಚ್ಚುಕಮ್ಮಿ 600 ವ್ಯಾಟ್. ಲೈಟು, ಟಿವಿ, ಫ್ರಿಜ್ಜಿಗೆ ಧಾರಾಳ.

ಟರ್ಬೈನಿಗೆ ನೀರು ತರುವ ಪೈಪಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಸಣ್ಣ ಪೈಪಾದರೆ ನೀರಿನ ರಭಸವೆಲ್ಲ ತಿಕ್ಕಾಟದಲ್ಲೇ ಹೋಗುತ್ತದೆ. ನೀರು ಒಳಬರುವ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಟರ್ಬೈನಿಗೆ ನೀರು ಚಿಮ್ಮಿಸುವ ಸಣ್ಣ ಮೂತಿಗೆ, ಅಂದರೆ ನಾಜಲಿಗೆ, ಒಂದು ಎಲೆ ಚೂರು ಸಿಕ್ಕರೂ ಟರ್ಬೈನಿನ ಸದ್ದು ತಗ್ಗಿ ಬಲ್ಬು ಮಂಕಾಗುತ್ತದೆ.

ಲೋಡ್ ಕಂಟ್ರೋಲರ್ ಬೇಕೇ ಬೇಕು. ಎಲ್ಲ ಸ್ವಿಚ್ಚು ಆರಿಸಿದರೆ ಟರ್ಬೈನು ಲಂಗುಲಗಾಮಿಲ್ಲದೆ ಓಡಿ ವೋಲ್ಟೇಜು ಏರುತ್ತದೆ. ಕಂಟ್ರೋಲರ್ ಆ ಮಿಕ್ಕ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ನಮ್ಮ ಬಚ್ಚಲಿಗೆ ಬಿಸಿನೀರು ಬರುವುದು ಅದರಿಂದಲೇ. ಕಾಯಿಲ್ ಸದಾ ನೀರಿನಲ್ಲಿ ಮುಳುಗಿರಲಿ, ಒಣಗಿದರೆ ಸುಟ್ಟೇ ಹೋಗುತ್ತದೆ.