ಸಿಎಫ್‌ಡಿ ಟ್ರೇಡಿಂಗ್: ಅಡಿಕೆ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆ?

ಕೊನೆಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬರುವ ಹೊತ್ತಿಗೆ ಫೋನಿಗೂ ಮೆಸೇಜ್ ಬರತೊಡಗುತ್ತವೆ. '25 ಸಾವಿರ ಹಾಕಿ, 5 ಲಕ್ಷದ ಚಿನ್ನದಲ್ಲಿ ಟ್ರೇಡ್ ಮಾಡಿ.' ಇಂಥ ಆ್ಯಪ್‌ಗಳಲ್ಲಿ ನಡೆಯುವುದು ಹೆಚ್ಚಾಗಿ ಸಿಎಫ್‌ಡಿ, ಅಂದರೆ ಕಾಂಟ್ರಾಕ್ಟ್ ಫಾರ್ ಡಿಫರೆನ್ಸ್. ಹಣ ಹಾಕುವ ಮೊದಲು ಹಾಳೆ, ಪೆನ್ನು ತಗೊಂಡು ಕೂರಿ.

ಮೊದಲು, ಏನು ಕೊಳ್ಳುತ್ತಿದ್ದೀರಿ ಎಂದು ಬರೆಯಿರಿ. ಶಿವಮೊಗ್ಗದಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ಅಂದುಕೊಳ್ಳೋಣ. ಅಡಿಕೆಗೆ ಸಿಎಫ್‌ಡಿ ಇದೆ ಅಂತಲ್ಲ, ಇದು ಲೆಕ್ಕಕ್ಕೆ ಮಾತ್ರ. ಹತ್ತು ಕ್ವಿಂಟಲ್‌ಗೆ ಕರಾರು ಮಾಡಿದರೂ ಒಂದು ಚೀಲವೂ ನಿಮ್ಮದಾಗುವುದಿಲ್ಲ. ಇವತ್ತಿನ ದರ, ಬಿಡುವ ದಿನದ ದರ, ಇವೆರಡರ ವ್ಯತ್ಯಾಸವಷ್ಟೇ ವ್ಯಾಪಾರ. ಏರಿದರೆ ಬ್ರೋಕರ್ ಕೊಡಬೇಕು, ಇಳಿದರೆ ನೀವು. ಇಳಿಯುತ್ತದೆ ಅನಿಸಿದರೆ ಮಾರುವ ಕರಾರನ್ನೂ ಮಾಡಬಹುದು. ಆಗ ಲೆಕ್ಕ ತಿರುಗುತ್ತದೆ.

ಇನ್ನು ಮಾರ್ಜಿನ್, ಅಂದರೆ ಕರಾರಿಗೆ ಮೊದಲೇ ಕಟ್ಟುವ ಮುಂಗಡ. ಐದು ಲಕ್ಷದ ಕರಾರಿಗೆ 25,000 ಕಟ್ಟಿದ್ದೀರಿ, ಅಂದರೆ ಕಟ್ಟಿದ್ದರ 20 ಪಟ್ಟು ವ್ಯಾಪಾರ. ಇದಕ್ಕೆ ಲಿವರೇಜ್ ಎನ್ನುತ್ತಾರೆ. ದರ ಕ್ವಿಂಟಲ್‌ಗೆ 2,500 ರೂಪಾಯಿ ಇಳಿದರೆ, ಅಂದರೆ ಬರೀ ಶೇ 5, ಕಟ್ಟಿದ್ದೆಲ್ಲ ಹೋಯಿತು. ಸಾಮಾನ್ಯವಾಗಿ ಅದಕ್ಕೂ ಮೊದಲೇ ಆ್ಯಪ್ ನಿಮ್ಮ ಕರಾರನ್ನು ಮುಚ್ಚಿಬಿಡುತ್ತದೆ. ಇಲ್ಲೇ ಸ್ವಲ್ಪ ನಿಲ್ಲಿ. ದರ ಬಿದ್ದ ವರ್ಷ ನಾವೇನು ಮಾಡುತ್ತೇವೆ? ಅಡಿಕೆ ಚೀಲ ಅಟ್ಟದಲ್ಲಿಟ್ಟು ಕಾಯುತ್ತೇವೆ, ಅಲ್ವಾ? ಸಿಎಫ್‌ಡಿಯಲ್ಲಿ ಕಾಯಲು ಬಿಡುವುದಿಲ್ಲ. ಬೆಳಿಗ್ಗೆ ದರ ಕುಸಿದು ಸಂಜೆ 52,000ಕ್ಕೆ ಏರಿದರೂ ನೀವು ಬೆಳಿಗ್ಗೆಯೇ ಹೊರಗೆ. ನಿಮ್ಮ ಅಂದಾಜು ಸರಿ ಇದ್ದೂ ದುಡ್ಡು ಹೋಗಿರುತ್ತದೆ. ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಯುರೋಪಿನ ನಿಯಂತ್ರಣ ಸಂಸ್ಥೆ ಎಸ್ಮಾ 2018ರಲ್ಲಿ ಸಣ್ಣ ಹೂಡಿಕೆದಾರರಿಗೆ ಚಿನ್ನದ ಸಿಎಫ್‌ಡಿಗೆ 20 ಪಟ್ಟು, ಷೇರಿಗೆ 5 ಪಟ್ಟಿನ ಮಿತಿ ಹಾಕಿತು. ಅವರ ಖಾತೆಗಳಲ್ಲಿ ಶೇ 74ರಿಂದ 89ರಷ್ಟು ನಷ್ಟದಲ್ಲಿದ್ದದ್ದೇ ಕಾರಣ.

ಖರ್ಚನ್ನೂ ಬರೆಯಿರಿ. ಆ್ಯಪ್‌ನಲ್ಲಿ ಕೊಳ್ಳುವ ದರ 50,100, ಮಾರುವ ದರ 49,900 ಇದ್ದರೆ ಒಳಗೆ ಕಾಲಿಟ್ಟ ಕೂಡಲೇ ಹತ್ತು ಕ್ವಿಂಟಲ್‌ಗೆ 2,000 ಕಡಿಮೆ. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಕರಾರನ್ನು ರಾತ್ರಿ ಉಳಿಸಿಕೊಂಡರೆ ಬಡ್ಡಿ ಬೇರೆ. ಅದು 25,000ದ ಮೇಲಲ್ಲ, ಸಾಮಾನ್ಯವಾಗಿ ಪೂರ್ತಿ 5 ಲಕ್ಷದ ಮೇಲೆ. ವರ್ಷಕ್ಕೆ ಶೇ 9 ಅಂದರೂ ತಿಂಗಳಿಗೆ ಸುಮಾರು 3,700.

ಕೊನೆಗೆ ಕಾನೂನು. ನಮ್ಮಲ್ಲಿ ಷೇರುಪೇಟೆ ನಿಯಂತ್ರಣ ಸಂಸ್ಥೆ ಸೆಬಿಯ ಮಾನ್ಯತೆ ಇರುವ ಯಾವ ಷೇರುಪೇಟೆಯಲ್ಲೂ ಸಿಎಫ್‌ಡಿ ಇಲ್ಲ. ಹೊರದೇಶದ ಬ್ರೋಕರ್‌ಗೆ ಮಾರ್ಜಿನ್ ಹಣ ಕಳಿಸಲು ಆರ್‌ಬಿಐ ಅನುಮತಿಯೂ ಇಲ್ಲ. ಅನುಮತಿ ಇಲ್ಲದ ಫಾರೆಕ್ಸ್ (ವಿದೇಶಿ ಕರೆನ್ಸಿ ವಹಿವಾಟು) ಆ್ಯಪ್‌ಗಳ ಎಚ್ಚರಿಕೆ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲಿದೆ, ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಎಂದು ತಿಳಿಯಬೇಡಿ.

ಈಗಾಗಲೇ ಹಣ ಹಾಕಿದ್ದು, ವಾಪಸ್ ಕೇಳಿದರೆ 'ಮೊದಲು ಟ್ಯಾಕ್ಸ್ ಕಟ್ಟಿ' ಅನ್ನುತ್ತಿದ್ದಾರಾ? ಇನ್ನೊಂದು ರೂಪಾಯಿಯನ್ನೂ ಕಳಿಸಬೇಡಿ. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.